ಐದು ವೋಲ್ಟಿನ ಮನೆಗೆ ಒಂದು ಹಾರೆ

ಹೋದ ಸಲ ಮಿಕ್ಸಿಯ ಕಾರ್ಬನ್ ಬ್ರಷ್ ಬಗ್ಗೆ ಬರೆದಿದ್ದಕ್ಕೆ ತುಂಬಾ ಜನ ಪತ್ರ ಬರೆದಿದ್ದೀರಿ. ಈ ಸಲ ಫ್ರಿಜ್ಜಿನ ಬಾಗಿಲ ರಬ್ಬರ್ ಬಗ್ಗೆ ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕಿರಲಿ. ಇವತ್ತು ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು. ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ, ಯಾಕೆಂದರೆ ತಪ್ಪಿನಲ್ಲಿ ನನ್ನದೂ ಪಾಲಿದೆ.

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮ ತವರುಮನೆ. ಅಣ್ಣ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಅವನ ಮಗನನ್ನು ನಾವೆಲ್ಲ ಪುಟ್ಟ ಅಂತಲೇ ಕರೆಯೋದು. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿ, ಸಾಕು ಅಂತ ಊರಿಗೆ ವಾಪಸ್ ಬಂದ. ಅಣ್ಣನಿಗೆ ಒಳಗೊಳಗೇ ಖುಷಿ, ಹೊರಗೆ ಮಾತ್ರ ಗೊಣಗಾಟ. "ಕಂಪ್ಯೂಟರ್ ಕಲಿತವನಿಗೆ ತೋಟ ಯಾಕೆ" ಅಂತ ಬಂದವರ ಹತ್ತಿರ ಎಲ್ಲ ಹೇಳೋನು.

ಪುಟ್ಟ ಬಂದವನೇ ಮನೆಯ ಹಿಂದಿನ ಗುಡ್ಡದ ಓರೆಯಲ್ಲಿ ಅಡಿಕೆ ಸಸಿಗಳ ನರ್ಸರಿ ಮಾಡಿದ. ನೆರಳು ಪರದೆಯ ಕೆಳಗೆ ಆರುನೂರು ಪ್ಲಾಸ್ಟಿಕ್ ಕೊಟ್ಟೆಗಳು. ಮೇಲಿನ ಟ್ಯಾಂಕಿನಿಂದ ನೀರು ತಾನಾಗಿ ಇಳಿದು ಬರುತ್ತದೆ, ಪಂಪು ಬೇಕಿಲ್ಲ. ಮಣ್ಣು ಒಣಗಿದರೆ ವಾಲ್ವ್ ತೆರೆಯಬೇಕು, ಒದ್ದೆಯಾದರೆ ಮುಚ್ಚಬೇಕು, ಅಷ್ಟೆ. ಅದಕ್ಕೆ ಅವನೇ ಒಂದು ಡಬ್ಬಿ ಕಟ್ಟಿದ. ಸೋಲಾರ್ ಪ್ಯಾನೆಲ್, 12 ವೋಲ್ಟಿನ ಬ್ಯಾಟರಿ, ಆರ್ಡುಯಿನೊ ಬೋರ್ಡು, ಮಣ್ಣಿನ ತೇವ ನೋಡುವ ನಾಲ್ಕು ಸೆನ್ಸರ್, ವಾಲ್ವ್ ನಡೆಸುವ ರಿಲೇ ಬೋರ್ಡು, ಮೊಬೈಲಿಗೆ ಮೆಸೇಜ್ ಕಳಿಸುವ ಜಿಎಸ್‌ಎಂ ಬೋರ್ಡು, ಒಂದು ಚಿಕ್ಕ ಡಿಸ್‌ಪ್ಲೇ.

ದೀಪಾವಳಿಗೆ ಹೋದಾಗ ಆ ಡಬ್ಬಿ ತೆರೆದು ತೋರಿಸಿದ್ದ. ವೈರುಗಳನ್ನು ಬಣ್ಣ ನೋಡಿ ಜೋಡಿಸಿ, ಸಾಲಾಗಿ ಕಟ್ಟಿದ್ದ. ಮೂವತ್ತೊಂದು ವರ್ಷ ಕಾರ್ಖಾನೆಯ ದುರಸ್ತಿ ವಿಭಾಗದಲ್ಲಿ ಕೂತವಳು ನಾನು, ಅಚ್ಚುಕಟ್ಟು ಕೆಲಸ ಕಂಡರೆ ಕಣ್ಣು ತಂಪಾಗುತ್ತದೆ. ಆದರೆ ಮೂಲೆಯಲ್ಲಿ ಒಂದು ಚಿಕ್ಕ ನೀಲಿ ಬೋರ್ಡು ಕಣ್ಣಿಗೆ ಬಿತ್ತು. ಬ್ಯಾಟರಿಯ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಎಲ್‌ಎಂ 2596 ಮಾಡ್ಯೂಲ್. ಡಬ್ಬಿಯೊಳಗಿನ ಅಷ್ಟೂ ಬೋರ್ಡುಗಳ ಊಟ ಅದೊಂದರ ಕೈಯಲ್ಲಿ. ಮಧ್ಯದಲ್ಲಿ ಕಾವಲು ಯಾವುದೂ ಇಲ್ಲ.

ಕೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ಜಗಲಿಯಿಂದ, "ಏನಂತೆ ನಿನ್ನ ಅತ್ತೆ? ಪಾಸೋ ಫೇಲೋ?" ಅಂದ. ಹುಡುಗನ ಮುಖ ನೋಡಿದೆ. ಅಪ್ಪನ ಎದುರಿಗೆ ಕೊಂಕು ತೆಗೆಯೋದು ಬೇಡ ಅನ್ನಿಸಿ, "ಫಸ್ಟ್ ಕ್ಲಾಸ್" ಅಂದುಬಿಟ್ಟೆ. ಆಮೇಲೆ ಹೇಳಿದರಾಯ್ತು ಅಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ.

ಏಪ್ರಿಲ್‌ನಲ್ಲಿ ಅತ್ತಿಗೆಯ ಫೋನ್ ಬಂತು. "ಪುಟ್ಟ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ, ನೀನಾದ್ರೂ ಮಾತಾಡು." ಸ್ನೇಹಿತನ ಮದುವೆಗೆ ಅಂತ ಹುಬ್ಬಳ್ಳಿಗೆ ಹೋದವನು ಮೂರು ದಿನ ಊರಲ್ಲಿರಲಿಲ್ಲ. ಅಣ್ಣನಿಗೆ ಮಂಡಿನೋವು, ಗುಡ್ಡ ಹತ್ತೋ ಹಾಗಿರಲಿಲ್ಲ. ಏನಾದರೂ ಆದರೆ ಮೆಸೇಜ್ ಬರುತ್ತೆ ಅಂತ ಹುಡುಗ ಹೇಳಿದ್ದ. ಮೆಸೇಜ್ ಬರಲಿಲ್ಲ, ಹಾಗಾಗಿ ಎಲ್ಲ ಸರಿ ಇದೆ ಅಂತ ಎಲ್ಲರೂ ನಂಬಿದರು. ವಾಪಸ್ ಬಂದು ನೋಡಿದರೆ ಟ್ಯಾಂಕ್ ತುಂಬಾ ನೀರಿದೆ, ವಾಲ್ವ್ ಮುಚ್ಚಿದೆ, ಸಸಿಗಳ ಎಲೆ ಸುಟ್ಟು ಸುರುಟಿದೆ. ಮೆಸೇಜ್ ಕಳಿಸಬೇಕಾದ ಬೋರ್ಡೇ ಮೊದಲು ಸತ್ತಿತ್ತು.

ಪುಟ್ಟ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅತ್ತೆ, ಒಂದಲ್ಲ, ಎಲ್ಲ ಬೋರ್ಡೂ ಒಟ್ಟಿಗೆ ಹೋಗಿದೆ. ಅಪ್ಪ ಏನೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ನಾನು ವಾಪಸ್ ಬೆಂಗಳೂರಿಗೆ ಬಂದುಬಿಡ್ತೀನಿ."

ನನ್ನ ಮೀಟರು, ಸೋಲ್ಡರಿಂಗ್ ಕಡ್ಡಿ ಚೀಲಕ್ಕೆ ಹಾಕಿಕೊಂಡು, ಎಸ್.ಪಿ. ರಸ್ತೆಯಲ್ಲಿ ಒಂದಷ್ಟು ಬಿಡಿಭಾಗ ಕೊಂಡು ಅವತ್ತೇ ರಾತ್ರಿ ಬಸ್ಸು ಹತ್ತಿದೆ.

ಬೆಳಿಗ್ಗೆ ಕಾಫಿ ಕುಡಿದವಳೇ ಡಬ್ಬಿಯನ್ನು ಜಗಲಿಗೆ ತರಿಸಿದೆ. ಒಂದು ಬೋರ್ಡು ಹೋದರೆ ಅದರದೇ ದೋಷ ಇರಬಹುದು. ಎಲ್ಲ ಒಟ್ಟಿಗೆ ಹೋದರೆ ಎಲ್ಲರೂ ಉಂಡ ಅಡುಗೆಯನ್ನು ನೋಡಬೇಕು. ಬೋರ್ಡುಗಳನ್ನೆಲ್ಲ ಕಳಚಿ, ನೀಲಿ ಮಾಡ್ಯೂಲಿಗೆ ಮಾತ್ರ ಬ್ಯಾಟರಿ ಕೊಟ್ಟು, ಅದರ ಹೊರಗಡೆ ಮೀಟರ್ ಹಿಡಿದೆ. 5 ಇರಬೇಕಾದ ಕಡೆ ಹನ್ನೊಂದೂವರೆಗಿಂತ ಮೇಲೆ ತೋರಿಸಿತು. ಮಾಡ್ಯೂಲಿನ ಮೇಲಿರುವ ಚಿಕ್ಕ ಹಿತ್ತಾಳೆ ತಿರುಪನ್ನು ಉಗುರಿನಿಂದ ಒತ್ತಿದೆ. 5 ಆಯ್ತು. ಬಿಟ್ಟೆ, ಮತ್ತೆ ಹನ್ನೊಂದೂವರೆ. ಪುಟ್ಟ ಸುಮ್ಮನೆ ನೋಡುತ್ತಿದ್ದ.

ಇದು ಯಾಕೆ ಹೀಗಾಗುತ್ತದೆ ಅಂತ ಅಡುಗೆಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಆ ಮಾಡ್ಯೂಲಿನ ಐಸಿಗೆ ತಾನು ಎಷ್ಟು ವೋಲ್ಟ್ ಕೊಡುತ್ತಿದ್ದೇನೆ ಅಂತ ನೇರವಾಗಿ ಗೊತ್ತಿಲ್ಲ. ಹೊರಗೆ ಹೋಗುವುದರಲ್ಲಿ ಒಂದು ಚಮಚೆಯಷ್ಟು ವಾಪಸ್ ತರಿಸಿಕೊಂಡು ರುಚಿ ನೋಡುತ್ತದೆ. ಆ ರುಚಿ 1.23 ವೋಲ್ಟ್ ಇದ್ದರೆ ಸರಿ. ಕಡಿಮೆ ಅನ್ನಿಸಿದರೆ ಇನ್ನಷ್ಟು ಹಾಕುತ್ತದೆ. ರುಚಿಯ ಚಮಚೆ ಎಷ್ಟು ದೊಡ್ಡದು ಅಂತ ತೀರ್ಮಾನಿಸುವುದು ಎರಡು ರೆಸಿಸ್ಟರ್‌ಗಳು. ಒಂದು ಬೋರ್ಡಿನ ಮೇಲೆ ಬೆಸೆದಿರುವ 330 ಓಮ್. ಇನ್ನೊಂದು ಈ ತಿರುಪಿನ ಪ್ರೀಸೆಟ್, ಅದನ್ನು ಸುಮಾರು 1 ಕಿಲೋ ಓಮಿಗೆ ತಿರುಗಿಸಿದರೆ 5 ವೋಲ್ಟ್ ಬರುತ್ತದೆ. ಪ್ರೀಸೆಟ್ಟಿನ ಒಳಗೆ ಒಂದು ತೆಳು ಲೋಹದ ನಾಲಗೆ ಪಟ್ಟಿಯ ಮೇಲೆ ಜಾರುತ್ತಾ ಇರುತ್ತದೆ. ಮಲೆನಾಡಿನ ಒಂದು ಮಳೆಗಾಲ ಕಳೆದ ಮೇಲೆ, ಆ ನಾಲಗೆ ಹಿಡಿತ ಬಿಟ್ಟಿದೆ. ಚಮಚೆ ಖಾಲಿ ಬರತೊಡಗಿತು. ಉಪ್ಪೇ ಇಲ್ಲ ಅಂದುಕೊಂಡು ಐಸಿ ಇದ್ದಬದ್ದ ಉಪ್ಪನ್ನೆಲ್ಲ ಸುರಿಯಿತು. ಬ್ಯಾಟರಿಯಲ್ಲಿದ್ದ ವೋಲ್ಟೇಜ್ ಹೆಚ್ಚುಕಡಿಮೆ ಹಾಗೆಯೇ ಒಳಗೆ ಹೋಯಿತು.

ಆರ್ಡುಯಿನೊ ಬೋರ್ಡಿನ ಎಟಿಮೆಗಾ 328ಪಿ ಐಸಿ ತಡೆಯುವುದು ಹೆಚ್ಚೆಂದರೆ 6 ವೋಲ್ಟ್. ನಮ್ಮ ಕಾಲದ ಟಿಟಿಎಲ್ ಐಸಿಗಳಿಗೆ 7. ಹನ್ನೊಂದೂವರೆ ಬಿದ್ದರೆ ಏನುಳಿದೀತು? ರಿಲೇ ಬೋರ್ಡು ಬಿಟ್ಟರೆ ಬಾಕಿ ಎಲ್ಲ ಸತ್ತಿದ್ದವು.

ಆಗ ನನಗೆ ಕಾರ್ಖಾನೆಯ ಫೋರ್‌ಮನ್ ನೆನಪಾದರು. ನಾನು ಕೆಲಸಕ್ಕೆ ಸೇರಿದ ಹೊಸತು. ಆಳೆತ್ತರದ ರ‍್ಯಾಕಿನಲ್ಲಿ ಇಪ್ಪತ್ತು ಕಾರ್ಡು, ಎಲ್ಲಕ್ಕೂ ಒಂದೇ ಪವರ್ ಸಪ್ಲೈ. ಅವರು ಹೇಳೋರು, "ನೋಡಮ್ಮಾ, ಕಾರ್ಡು ಹೋದರೆ ರಿಪೇರಿ. ಸಪ್ಲೈ ಕೆಟ್ಟು ಏರಿದರೆ ಇಪ್ಪತ್ತು ಮನೆಗೂ ಒಂದೇ ದಿನ ತಿಥಿ." ಅದಕ್ಕೇ ಪ್ರತಿ ಸಪ್ಲೈಗೂ ಒಂದು ಕಾವಲು ಇರುತ್ತಿತ್ತು. ಅದರ ಹೆಸರು ಕ್ರೋಬಾರ್. ಕ್ರೋಬಾರ್ ಅಂದರೆ ಏನು? ನಮ್ಮ ಹಾರೆ!

ಹೆಸರು ಹೇಳುವ ಹಾಗೆಯೇ ಅದರ ಕೆಲಸ. ವೋಲ್ಟೇಜ್ ಗಡಿ ದಾಟಿದ ಕೂಡಲೇ ಪ್ಲಸ್ಸಿಗೂ ಮೈನಸ್ಸಿಗೂ ಅಡ್ಡಲಾಗಿ ಕಬ್ಬಿಣದ ಹಾರೆ ಎತ್ತಿ ಹಾಕಿದ ಹಾಗೆ, ಬೇಕೆಂದೇ ಶಾರ್ಟ್ ಮಾಡಿಬಿಡುವುದು. ಕೇಳಿದರೆ ಹುಚ್ಚು ಅನ್ನಿಸುತ್ತದೆ. ಆದರೆ ಶಾರ್ಟ್ ಆದ ಕಡೆ ವೋಲ್ಟೇಜ್ ಏರುವುದಿಲ್ಲ, ಒಂದು ವೋಲ್ಟಿನ ಆಸುಪಾಸಿಗೆ ಕುಸಿಯುತ್ತದೆ. ಬೋರ್ಡುಗಳು ಆರಿಹೋಗುತ್ತವೆ, ಸಾಯುವುದಿಲ್ಲ. ಹಾರೆಯ ಕೆಲಸ ಮಾಡುವುದು ಎಸ್‌ಸಿಆರ್ ಅನ್ನುವ ಮೂರು ಕಾಲಿನ ಭಾಗ. ಅದರ ಗೇಟಿಗೆ ಒಂದು ಸಣ್ಣ ಸೂಚನೆ ಸಿಕ್ಕರೆ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಹರಿಯಲು ಶುರು ಮಾಡುತ್ತದೆ. ಒಮ್ಮೆ ಶುರುವಾದರೆ ಕರೆಂಟು ಪೂರ್ತಿ ನಿಲ್ಲುವ ತನಕ ಬಿಡುವುದಿಲ್ಲ. ಅಂಥ ಹಟವೇ ಇಲ್ಲಿ ಬೇಕಾದ್ದು.

"ಅತ್ತೆ, ಫ್ಯೂಸ್ ಇತ್ತಲ್ಲ? ಬ್ಯಾಟರಿ ಹತ್ತಿರ ಹಾಕಿದ್ದೆ" ಅಂದ ಪುಟ್ಟ. ಇದು ಎಷ್ಟೋ ಜನ ಮಾಡುವ ತಪ್ಪು ಲೆಕ್ಕ. ಫ್ಯೂಸ್ ಕರೆಂಟನ್ನು ನೋಡುತ್ತದೆ, ವೋಲ್ಟೇಜನ್ನು ನೋಡುವುದಿಲ್ಲ. ಐಸಿ ಸಾಯುವಾಗ ಕರೆಂಟು ಏರಿದರೂ ಫ್ಯೂಸಿನ ತಂತಿ ಕರಗುವಷ್ಟರಲ್ಲಿ ಒಳಗಿನದು ಮುಗಿದಿರುತ್ತದೆ. ಹಾರೆ ಬಿದ್ದರೆ ಮಾತ್ರ ಬೋರ್ಡು ಉಳಿಯುವುದು. ಆಮೇಲೆ ನಿಧಾನಕ್ಕೆ ಬಂದು ಬಾಗಿಲು ಮುಚ್ಚುವುದು ಫ್ಯೂಸಿನ ಕೆಲಸ.

ಇಬ್ಬರೂ ಸೇರಿ ಕಟ್ಟತೊಡಗಿದೆವು. ಗಡಿ ಕಾಯಲು ಝೀನರ್ ಡಯೋಡ್ ಹಾಕುವುದು ಹಳೆಯ ಕ್ರಮ. ಆದರೆ 5.6 ವೋಲ್ಟಿನ ಝೀನರ್ ಹಾಕಿದರೆ ಎಸ್‌ಸಿಆರ್ ಗೇಟಿನ ಸುಮಾರು 0.7 ಸೇರಿ 6.3ಕ್ಕೆ ಎಚ್ಚರವಾಗುತ್ತದೆ. ನಮ್ಮ ಐಸಿಯ ಮಿತಿ 6. ಅದಕ್ಕೇ ಟಿಎಲ್ 431 ಹಾಕಿದೆ. ಅದರೊಳಗೆ 2.5 ವೋಲ್ಟಿನ ಒಂದು ನಂಬಿಕಸ್ತ ಅಳತೆಗೋಲು ಇರುತ್ತದೆ. ಎರಡು ರೆಸಿಸ್ಟರ್ ಲೆಕ್ಕ ಹಾಕಿ ಜೋಡಿಸಿದರೆ ಬೇಕಾದ ಕಡೆ ಗಡಿ ಎಳೆಯಬಹುದು. 5.7ಕ್ಕೆ ಎಳೆದೆವು. ಗೇಟಿನ ಹತ್ತಿರ ಒಂದು ಸಣ್ಣ ಕೆಪಾಸಿಟರ್, ಒಂದು ರೆಸಿಸ್ಟರ್ ಕೂಡಾ ಹಾಕಿದೆವು. ಇಲ್ಲದಿದ್ದರೆ ರಿಲೇ ಟಕ್ ಅಂದಾಗಲೆಲ್ಲ ಹಾರೆ ಸುಮ್ಮಸುಮ್ಮನೆ ಬೀಳುತ್ತದೆ.

ಪರೀಕ್ಷೆ ಮಾಡದೆ ನಂಬಬಾರದು. ಬೋರ್ಡುಗಳ ಬದಲಿಗೆ ಒಂದು ಎಲ್‌ಇಡಿ, ಒಂದಷ್ಟು ರೆಸಿಸ್ಟರ್ ಕಟ್ಟಿ, ಕೆಟ್ಟ ಪ್ರೀಸೆಟ್ಟಿನ ಮಾಡ್ಯೂಲನ್ನೇ ಇಟ್ಟು ಬ್ಯಾಟರಿ ಕೊಟ್ಟೆವು. ತಿರುಪು ಒತ್ತಿ ಹಿಡಿದಾಗ 5. ಕೈ ಬಿಟ್ಟ ಕೂಡಲೇ ಮೀಟರ್ ಒಂದಕ್ಕೆ ಇಳಿಯಿತು. ಹಾರೆ ಬಿತ್ತು! ನಾನು ಬೀಗಿದೆ. ಪುಟ್ಟ ಮಾತ್ರ ಬೇರೆ ಕಡೆ ನೋಡುತ್ತಿದ್ದ.

"ಅತ್ತೆ, ಫ್ಯೂಸ್ ಹೋಗಲೇ ಇಲ್ಲ. ಮಾಡ್ಯೂಲ್ ಕಾಯ್ತಾ ಇದೆ."

ಹೌದು! ನಾನು ಕಾರ್ಖಾನೆಯ ಹಳೇ ಸಪ್ಲೈಗಳ ಲೆಕ್ಕದಲ್ಲಿ ಫ್ಯೂಸನ್ನು 12 ವೋಲ್ಟಿನ ಕಡೆಗೇ ಬಿಟ್ಟಿದ್ದೆ. ಈ ಮಾಡ್ಯೂಲು ಶಾರ್ಟ್ ಆದರೆ ತನ್ನ ಕರೆಂಟನ್ನು ತಾನೇ ನಾಲ್ಕೂವರೆ ಆಂಪಿಯರ್ ಸುಮಾರಿಗೆ ಹಿಡಿದುಕೊಳ್ಳುತ್ತದೆ. ಹೊರಗೆ ವೋಲ್ಟೇಜ್ ಒಂದೇ ಇರುವುದರಿಂದ ಬ್ಯಾಟರಿಯಿಂದ ಎಳೆಯುವುದು ಒಂದು ಆಂಪಿಯರೂ ಇರುವುದಿಲ್ಲ. 2 ಆಂಪಿಯರ್ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಹಾರೆ ಬಿದ್ದೇ ಇರುತ್ತದೆ, ಎಲ್ಲ ಕಾದು ಕಾದು ಬೇಯುತ್ತಿರುತ್ತದೆ. ಸೋಲಾರಿನ ಡಬ್ಬಿಯೊಳಗೆ, ಯಾರೂ ಇಲ್ಲದ ಗುಡ್ಡದ ಮೇಲೆ, ಅದೂ ಬೇಸಗೆಯಲ್ಲಿ!

ಅದನ್ನು ಕಂಡುಹಿಡಿದವನು ಪುಟ್ಟ, ನಾನಲ್ಲ. ಪರಿಹಾರವನ್ನೂ ಅವನೇ ಹೇಳಿದ. ಬ್ಯಾಟರಿ ಹತ್ತಿರದ ಫ್ಯೂಸ್ ಅಲ್ಲೇ ಇರಲಿ, ಮಾಡ್ಯೂಲಿನ ಒಳಗಿನ ಸ್ವಿಚ್ಚೇ ಶಾರ್ಟ್ ಆದರೆ ಅದು ಬೇಕು. ಇನ್ನೊಂದು ಚಿಕ್ಕ ಫ್ಯೂಸನ್ನು 5 ವೋಲ್ಟಿನ ದಾರಿಯಲ್ಲಿ, ಮಾಡ್ಯೂಲಿಗೂ ಹಾರೆಗೂ ನಡುವೆ ಹಾಕೋಣ ಅಂದ. ನಾಲ್ಕೂವರೆ ಆಂಪಿಯರ್ ಹರಿಯುವುದು ಅಲ್ಲೇ ತಾನೆ. ಹಾಕಿದೆವು. ಮತ್ತೆ ತಿರುಪಿನಿಂದ ಕೈ ಬಿಟ್ಟೆ. ಮೀಟರ್ ಕುಸಿಯಿತು, ಒಂದು ಕ್ಷಣ ಬಿಟ್ಟು ಗಾಜಿನೊಳಗೆ ಸಣ್ಣ ಮಿಂಚು, ಫ್ಯೂಸ್ ಹೋಯಿತು.

ಅಣ್ಣ ಅಷ್ಟು ಹೊತ್ತೂ ಕವಳ ಹಾಕಿಕೊಂಡು ಕೂತು ನೋಡುತ್ತಿದ್ದ.

"ಈಗೇನಾಯ್ತು?"

"ಫ್ಯೂಸ್ ಹೋಯ್ತಪ್ಪಾ."

"ಬಾಕಿಯದು?"

"ಬಾಕಿಯದೆಲ್ಲ ಉಳೀತು."

"ಏನದು, ಹಾರೆ ಅಂದ್ರಲ್ಲ?"

ಪುಟ್ಟ ಕೂತಲ್ಲೇ ತಿರುಗಿ ಅಪ್ಪನಿಗೆ ವಿವರಿಸಿದ. ಎಷ್ಟೋ ದಿನದ ಮೇಲೆ ಇಬ್ಬರೂ ಹೀಗೆ ಮಾತಾಡಿದ್ದು ಅಂತ ಅತ್ತಿಗೆ ಆಮೇಲೆ ಹೇಳಿದಳು. ಎಲ್ಲ ಕೇಳಿ ಅಣ್ಣ, "ಹಾರೆ ನಮ್ಮ ಕೊಟ್ಟಿಗೇಲೇ ಇತ್ತಲ್ಲೋ, ಮೊದಲೇ ಕೇಳಬಾರದಿತ್ತಾ?" ಅಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ, ಆದರೆ ಗಂಟಲು ಕಟ್ಟಿತು. ಆಗಲೇ ಹೇಳಿಬಿಟ್ಟೆ: "ಮೊದಲೇ ಹೇಳಬೇಕಾಗಿದ್ದು ಅವನಲ್ಲ ಕಣೋ ಅಣ್ಣ, ನಾನು. ದೀಪಾವಳೀಲಿ ನೋಡಿದ್ದೆ. ಅವನಿಗೆ ಬೇಜಾರಾಗುತ್ತೆ ಅಂತ ಸುಮ್ಮನಾದೆ."

ಯಾರೂ ಮಾತಾಡಲಿಲ್ಲ. ಆಮೇಲೆ ಪುಟ್ಟ ಅಂದ, "ಬೇಜಾರಾಗ್ತಿತ್ತು ಅತ್ತೆ. ಆದ್ರೆ ಒಂದು ದಿನ. ಅಷ್ಟೆ."

ಹೊಸ ಡಬ್ಬಿಯಲ್ಲಿ ತಿರುಪಿನ ಪ್ರೀಸೆಟ್ ಇಲ್ಲ. ಅದೇ ಐಸಿ 5 ವೋಲ್ಟಿಗೇ ಕಟ್ಟುಹಾಕಿ ಬರುವ ರೂಪದಲ್ಲೂ ಸಿಗುತ್ತದೆ, ಅದನ್ನು ಹಾಕಿದ್ದೇವೆ. ಕೆಡಬಹುದಾದ ಕೀಲನ್ನೇ ತೆಗೆದುಹಾಕುವುದು ಮೊದಲ ಕಾವಲು, ಹಾರೆ ಎರಡನೆಯದು. ಮೂರನೆಯದಾಗಿ, ಜಿಎಸ್‌ಎಂ ಬೋರ್ಡಿಗೆ ಬೇರೆಯೇ ಮಾಡ್ಯೂಲ್ ಕೊಟ್ಟೆವು. ಸುದ್ದಿ ಹೇಳುವವನು ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬಾರದು. ಇದರ ಮೇಲೆ ಪ್ರತಿದಿನ ಬೆಳಿಗ್ಗೆ ಆರಕ್ಕೆ ಅದು "ಎಲ್ಲ ಸರಿ" ಅಂತ 5 ವೋಲ್ಟಿನ ಅಳತೆಯ ಜೊತೆ ಒಂದು ಮೆಸೇಜ್ ಕಳಿಸುತ್ತದೆ. ಕೆಟ್ಟಾಗ ಹೇಳುತ್ತೇನೆ ಅನ್ನುವ ಯಂತ್ರವನ್ನು ನಂಬಬೇಡಿ. ಚೆನ್ನಾಗಿರುವಾಗ ಹೇಳುವ ಯಂತ್ರ ಸುಮ್ಮನಾದರೆ, ಏನೋ ಆಗಿದೆ ಅಂತ ತಿಳಿಯುತ್ತದೆ.

ತೋಟ ಇಲ್ಲದವರಿಗೆ ಇದೆಲ್ಲ ಯಾಕೆ ಅನ್ನಬೇಡಿ. ಒಂದೇ ಸಪ್ಲೈ ಹಂಚಿಕೊಂಡು ಬದುಕುವ ಬೋರ್ಡುಗಳು ನಿಮ್ಮ ಮನೆಯಲ್ಲೂ ಇವೆ. ಡೆಸ್ಕ್‌ಟಾಪ್ ಕಂಪ್ಯೂಟರಿನ ಎಸ್‌ಎಂಪಿಎಸ್ ಒಂದೇ ಮದರ್‌ಬೋರ್ಡಿಗೂ ಹಾರ್ಡ್‌ಡಿಸ್ಕಿಗೂ ಊಟ ಹಾಕುತ್ತದೆ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ 5 ವೋಲ್ಟಿನ ಸಾಲು 7 ತಲುಪುವುದರೊಳಗೆ ತಾನೇ ಆಫ್ ಆಗುವ ವ್ಯವಸ್ಥೆ ಇರಬೇಕು ಅನ್ನುವುದು ಎಟಿಎಕ್ಸ್ ನಿಯಮ. ಅಗ್ಗ ಅಂತ ಹೆಸರಿಲ್ಲದ್ದು ತಂದರೆ ಅದು ಇದೆಯೋ ಇಲ್ಲವೋ ಹೇಳುವವರಿಲ್ಲ. 1982ರಲ್ಲಿ ಬಂದ ಕಮೊಡೊರ್ 64 ಕಂಪ್ಯೂಟರನ್ನು ಇವತ್ತಿಗೂ ಇಟ್ಟುಕೊಂಡಿರುವ ಹವ್ಯಾಸಿಗಳು ಅದರ ಹಳೆಯ ಅಡಾಪ್ಟರನ್ನು ನೇರವಾಗಿ ಚುಚ್ಚಲು ಹೆದರುತ್ತಾರೆ. ಅದರೊಳಗಿನ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಏರಿ ಮೆಮೊರಿ ಐಸಿಗಳು ಸಾಯುತ್ತವೆ.

ಮನೆಯಲ್ಲಿ ಇವತ್ತೇ ಮಾಡಬಹುದಾದ್ದು ಇಷ್ಟು. ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿನ ಪಿನ್ನು ಕೆಲವು ಸಲ 12 ವೋಲ್ಟಿನ ವೈಫೈ ರೂಟರಿಗೂ ಕೂರುತ್ತದೆ. ಪಿನ್ನು ಕೂತಿತು ಅಂದರೆ ವೋಲ್ಟೇಜ್ ಹೊಂದಿತು ಅಂತಲ್ಲ. ಪ್ರತಿ ಅಡಾಪ್ಟರಿಗೂ ಒಂದು ಪಟ್ಟಿ ಅಂಟಿಸಿ, ಯಾವುದರದ್ದು, ಎಷ್ಟು ವೋಲ್ಟು ಅಂತ ಬರೆದಿಡಿ. ನಾಲ್ಕು ಸಿಸಿಟಿವಿ ಕ್ಯಾಮೆರಾಕ್ಕೆ ಒಂದೇ ಸಪ್ಲೈ ಹಾಕಿಸುವವರು ಅದರಲ್ಲಿ ಓವರ್ ವೋಲ್ಟೇಜ್ ಪ್ರೊಟೆಕ್ಷನ್ ಇದೆಯಾ ಅಂತ ಕೇಳಿಯೇ ಕೊಳ್ಳಿ.

ಇನ್ನೊಂದು, ಸ್ಪೈಕ್ ಗಾರ್ಡ್ ಇದ್ದರೆ ಎಲ್ಲ ಭದ್ರ ಅನ್ನುವ ನಂಬಿಕೆ ಬೇಡ. ಅದರೊಳಗಿನ ಎಂಒವಿ ಕ್ಷಣಮಾತ್ರದ ಏರಿಕೆಯನ್ನು ನುಂಗುತ್ತದೆ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಿತ್ತರೆ ಮನೆಯ 230 ವೋಲ್ಟು 400ರ ಕಡೆಗೆ ಏರಿ ಅಲ್ಲೇ ನಿಲ್ಲಬಹುದು. ನಿಂತ ವೋಲ್ಟೇಜನ್ನು ಎಂಒವಿ ತಡೆಯಲಾರದು, ತಾನೇ ಸುಟ್ಟುಹೋಗುತ್ತದೆ. ಅದಕ್ಕೆ ಮೀಟರ್ ಬೋರ್ಡಿನ ನಂತರ ವೋಲ್ಟೇಜ್ ಹೆಚ್ಚಾದರೂ ಕಡಿಮೆಯಾದರೂ ಲೈನ್ ಕತ್ತರಿಸುವ ರಿಲೇ ಬೇಕು. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ, ನೀವು ಕೈ ಹಾಕಬೇಡಿ.

ಆರುನೂರರಲ್ಲಿ ಇನ್ನೂರ ಅರವತ್ತು ಸಸಿ ಚಿಗುರಿದವು. ಬಾಕಿಯವನ್ನು ಪುಟ್ಟ ಮತ್ತೆ ಬೀಜ ಹಾಕಿ ಎಬ್ಬಿಸುತ್ತಿದ್ದಾನೆ. ಬೆಂಗಳೂರಿಗೆ ವಾಪಸ್ ಬರುವ ಮಾತು ನಿಂತಿದೆ, ಪೂರ್ತಿ ನಿಂತಿದೆಯೋ ಇಲ್ಲವೋ ನಾನು ಕೇಳಿಲ್ಲ. ಬೆಳಗಿನ ಮೆಸೇಜು ಈಗ ನನ್ನ ಮೊಬೈಲಿಗೂ ಬರುತ್ತದೆ. ಇವತ್ತು ಬಂದದ್ದು: "ಎಲ್ಲ ಸರಿ. 5.02." ಅಣ್ಣನಿಗೆ ಮೆಸೇಜ್ ಓದಲು ಕನ್ನಡಕ ಬೇಕು. ಹಾಗಾಗಿ ಆರು ಗಂಟೆಗೆ ಒಳಗಿನಿಂದಲೇ ಕೂಗುತ್ತಾನಂತೆ, "ಪುಟ್ಟಾ, ಐದು ಬಂತೇನೋ?"

ನಿಮ್ಮ ಮಕ್ಕಳು ಏನಾದರೂ ಕಟ್ಟಿ ತೋರಿಸಿದಾಗ ಹೊಗಳಿ. ಕಂಡ ಕೊರತೆಯನ್ನೂ ಅವತ್ತೇ ಹೇಳಿ. ಒಂದು ದಿನದ ಬೇಜಾರು ದೊಡ್ಡದಲ್ಲ.

ಮುಂದಿನ ವಾರ ಖಂಡಿತ ಫ್ರಿಜ್ಜಿನ ರಬ್ಬರ್. ನಿಮ್ಮ ಮನೆಯಲ್ಲಿ ಒಂದು ಅಡಾಪ್ಟರಿನಿಂದ ಏನೇನು ಸುಟ್ಟಿದೆ ಅಂತ ಬರೆದು ಕಳಿಸಿ. ಯಾಕೆ ಸುಟ್ಟಿತು ಅಂತ ಒಟ್ಟಿಗೆ ಹುಡುಕೋಣ.